ಆರ್ಕಿಡ್ ಸೊರಗ್ತಿದ್ರೆ ಗೊಬ್ಬರ ಬದಲಿಸೋ ಮುಂಚೆ ಬೇರು ನೋಡಿ: ಮಲೆನಾಡಿನ ಕುಂಡಗಳಿಗೆ ದೋಷ ನಿವಾರಣೆ

ಆರಿದ್ರಾ ಮಳೆ ಹಿಡಿದು ಒಂದು ತಿಂಗಳಾಗೋ ಹೊತ್ತಿಗೆ ನಮ್ಮ ಕಡೆ ಆರ್ಕಿಡ್ ಇಟ್ಕೊಂಡಿರೋ ಮನೆಗಳಲ್ಲೆಲ್ಲ ಒಂದೇ ಮಾತು, ಎಲೆ ಹಳದಿ ಆಗ್ತಿದೆ, ಬೇರು ಕಪ್ಪಾಗಿದೆ, ಚಿಗುರು ಬಂದಿದ್ದು ಬಂದ ಹಾಗೇ ಕರಗಿ ಹೋಗ್ತಿದೆ ಅಂತ. ಅದರ ಬೆನ್ನಿಗೇ ಒಬ್ರು "ಕೆಮಿಕಲ್ ಹಾಕಿದ್ದಕ್ಕೇ ಹಿಂಗಾಗಿದ್ದು, ನಿಲ್ಲಿಸಿ ಜೀವಾಮೃತ ಹಾಕಿ" ಅಂತಾರೆ, ಇನ್ನೊಬ್ರು "ಸಗಣಿ ನೀರು ಹಾಕಿ ಕೊಳೆಸಿದೀರಿ, ನೈನ್ಟೀನ್ ಆಲ್ (19:19:19 ರಾಸಾಯನಿಕ ಗೊಬ್ಬರ) ಹಾಕಿ" ಅಂತಾರೆ, ಮೂರನೆಯವರು ಎಂತದೋ ಶಿಲೀಂಧ್ರದ ಪುಡಿ ಪ್ಯಾಕೆಟ್ ತಂದು ಕೊಡ್ತಾರೆ. ಗಿಡದ ಮಾಲೀಕ ಮೂರನ್ನೂ ಹಾಕ್ತಾನೆ, ಗಿಡ ಆಷಾಢ ದಾಟಲ್ಲ.

ನಾನು ತೀರ್ಥಹಳ್ಳಿ ಹತ್ರ ಅಡಿಕೆ ತೋಟದ ಮನೇಲಿ ಡೆಂಡ್ರೋಬಿಯಂ, ವಾಂಡಾ, ಒಂದಷ್ಟು ಫೆಲನಾಪ್ಸಿಸ್ ಬೆಳೀತಾ ಬಂದಿದೀನಿ, ಈ ಮೂರು ಥರದ ತಪ್ಪೂ ನಮ್ಮನೆ ಜಗಲೀಲೇ ಆಗಿದೆ. ಅದಕ್ಕೇ ಹೇಳ್ತೀನಿ, ಸಾವಯವವಾ ರಾಸಾಯನಿಕವಾ ಅನ್ನೋ ಪ್ರಶ್ನೆ ಆಮೇಲಿಂದು. ಮೊದಲು ಕುಂಡದೊಳಗೆ ಉಪ್ಪು ಕೂತಿದ್ಯಾ, ಕೊಳೀತಿದ್ಯಾ, ಇಲ್ಲ ಗಿಡಕ್ಕೆ ಹಸಿವಾ, ಈ ಮೂರರಲ್ಲಿ ಯಾವ್ದು ಅಂತ ಗೊತ್ತಾಗ್ಬೇಕು. ಎಲೆ ನೋಡಿದ್ರೆ ಮೂರೂ ಒಂದೇ ಥರ ಕಾಣತ್ತೆ, ಎಲ್ಲದರಲ್ಲೂ ಹಳದೀನೇ.

ಬೇರು ತೆಗೆದು ನೋಡೋದು

ಗಿಡಾನ ಕುಂಡದಿಂದ ಎಬ್ಬಿಸಿ, ಹೆದರಬೇಡಿ. ಆರ್ಕಿಡ್ ಬೇರಿನ ಮೇಲೆ ಸ್ಪಂಜಿನ ಥರದ ಒಂದು ಪದರ ಇರತ್ತೆ, ವೆಲಮೆನ್ ಅಂತ ಹೆಸರು. ಒಣಗಿದ್ದಾಗ ಅದು ಬೆಳ್ಳಿ ಬಣ್ಣ, ಒಂದು ಚೊಂಬು ನೀರು ಹೊಯ್ದು ಸ್ವಲ್ಪ ಹೊತ್ತು ಬಿಟ್ರೆ ಹಸಿರಿಗೆ ತಿರುಗತ್ತೆ. ಹಂಗೆ ತಿರುಗಿದ್ರೆ ಆ ಬೇರು ಜೀವಂತ ಇದೆ ಅಂತ. ತಿರುಗದೇ ಇದ್ದಿದ್ದನ್ನ ಹೆಬ್ಬೆಟ್ಟು ತೋರುಬೆರಳಿನ ಮಧ್ಯ ಹಿಡಿದು ಮೆಲ್ಲಗೆ ಒತ್ತಿ. ಗಟ್ಟಿ ಇದೆ, ಆದ್ರೆ ತುದಿ ಮಾತ್ರ ಸುಟ್ಟ ಬತ್ತಿ ಥರ ಕಪ್ಪಾಗಿ ಮೊಂಡಾಗಿದೆ, ಎಲೆ ತುದೀನೂ ಒಣಗಿದೆ ಅಂದ್ರೆ ಉಪ್ಪಿನ ಕೆಲಸ. ಒತ್ತಿದ ಕೂಡ್ಲೇ ಪಿಚಕ್ ಅಂತ ಕಂದು ನೀರು ಬಂತು, ಮೇಲಿನ ಪದರ ಹಿಡಿದೆಳೆದ್ರೆ ಬೆಂದ ಬಟಾಣಿ ಸಿಪ್ಪೆ ಥರ ಜಾರಿ ಬಂದು ಒಳಗಿನ ದಾರ ಮಾತ್ರ ಉಳೀತು ಅಂದ್ರೆ ಕೊಳೆತ. ಬೇರೆಲ್ಲ ಚೆನ್ನಾಗೇ ಇದೆ, ಆದ್ರೆ ಹೊಸ ಕಾಂಡ ಹೋದ ವರ್ಷದ್ದಕ್ಕಿಂತ ಸಣ್ಣ ಬಂದಿದೆ, ಕೆಳಗಿನ ಎಲೆ ಒಂದೊಂದಾಗಿ ತಿಳಿ ಹಳದಿ ಆಗಿ ಉದುರ್ತಿದೆ ಅಂದ್ರೆ ಹಸಿವು. ಇದರಲ್ಲಿ ಒಂದು ಹುಷಾರು, ಕೆಲವು ಡೆಂಡ್ರೋಬಿಯಂಗಳು ಚಳಿಗಾಲಕ್ಕೆ ಎಲೆ ಉದುರಿಸೋದು ಅದರ ಹುಟ್ಟುಗುಣ, ಅದನ್ನ ಹಸಿವು ಅಂದ್ಕೊಂಡು ಡಿಸೆಂಬರಲ್ಲಿ ಗೊಬ್ಬರ ಸುರೀಬೇಡಿ.

ಉಪ್ಪು ಕೂತಿದ್ರೆ

ಪಕ್ಕದ ಮನೆ ಅತ್ತಿಗೆ ಹೋದ ವರ್ಷ ಕರೆದು ತೋರಿಸಿದ್ರು, ಏಳೆಂಟು ಕುಂಡ, ಎಲ್ಲದರ ಎಲೆ ತುದಿ ಬೆಂಕಿ ತಾಗಿದ ಹಂಗೆ. ಎಷ್ಟು ಹಾಕ್ತೀರಿ ಅತ್ತಿಗೆ ಅಂದ್ರೆ "ಒಂದೇ ಒಂದ್ ಚಮಚ ಮಾರಾಯ, ಅದೂ ವಾರಕ್ಕೊಂದ್ಸಲ" ಅಂದ್ರು. ಯಾವ್ದಕ್ಕೆ ಕಲಸ್ತೀರಿ ಅಂದ್ರೆ ಸ್ನಾನದ ಮಗ್ ತೋರಿಸಿದ್ರು, ಅದು ಒಂದು ಲೀಟರ್ರು. ಟೀ ಚಮಚ ಒಂದಕ್ಕೆ ಹೆಚ್ಚುಕಮ್ಮಿ 5 ಗ್ರಾಂ. 19:19:19ರಲ್ಲಿ ಸಾರಜನಕ ನೂರಕ್ಕೆ 19 ಭಾಗ, ಅಂದ್ರೆ ಲೀಟರಿಗೆ 5 ಗ್ರಾಂ ಹಾಕಿದ್ರೆ 950 ಪಿಪಿಎಂ (ಲೀಟರಿಗೆ 950 ಮಿಲಿಗ್ರಾಂ) ಸಾರಜನಕ. ಆರ್ಕಿಡ್‌ಗೆ ನೂರರ ಆಸುಪಾಸು ಸಾಕು, ಅದು ಲೀಟರಿಗೆ ಅರ್ಧ ಗ್ರಾಂ. ಅತ್ತಿಗೆ ಹಾಕ್ತಿದ್ದಿದ್ದು ಹತ್ತು ಪಟ್ಟು. ಹತ್ತಿರದ ಕಿರಾಣಿ ಅಂಗಡೀಲಿ 5 ಗ್ರಾಂ ತೂಗಿಸ್ಕೊಂಡು ಬಂದು ಕಾಗದದ ಮೇಲೆ ಹತ್ತು ಪಾಲು ಮಾಡಿದ್ರೆ ಒಂದು ಪಾಲು ಅರ್ಧ ಗ್ರಾಂ, ಒಂದ್ಸಲ ಕಣ್ಣಲ್ಲಿ ನೋಡ್ಕೊಂಡ್ರೆ ಆಮೇಲೆ ಕೈ ತಪ್ಪಲ್ಲ.

ಉಪ್ಪಿದ್ಯಾ ಅಂತ ಖಾತ್ರಿ ಮಾಡ್ಕೊಳ್ಳೋಕೆ ಕುಡಿಯೋ ನೀರು ನೋಡೋ ಟಿಡಿಎಸ್ ಮೀಟರ್ ಸಾಕು. ಕುಂಡಕ್ಕೆ ಚೆನ್ನಾಗಿ ನೀರು ಹಾಕಿ ಒಂದು ಗಂಟೆ ಬಿಡಿ, ಆಮೇಲೆ ಒಂದು ಲೋಟ ಮಳೆ ನೀರು ಮೇಲಿಂದ ಹೊಯ್ದು ಕೆಳಗೆ ಸೋರಿದ್ದನ್ನ ತಟ್ಟೇಲಿ ಹಿಡಿದು ಮೀಟರ್ ಅದ್ದಿ. ನಮ್ಮ ಮಳೆ ನೀರಿಗೆ ಇಟ್ರೆ ಇಪ್ಪತ್ತರ ಹತ್ರ ತೋರಿಸತ್ತೆ, ಕುಂಡದಿಂದ ಸೋರಿದ್ದು ಐನೂರೊಳಗೆ ಇದ್ರೆ ಚಿಂತೆ ಇಲ್ಲ, ಸಾವಿರ ದಾಟಿದ್ರೆ ಬೇರು ಸುಡ್ತಾ ಇದೆ ಅಂತಾನೇ ಲೆಕ್ಕ. ಇದರಲ್ಲೊಂದು ಮೋಸ ಇದೆ, ಟಿಡಿಎಸ್ ಮೀಟರಿಗೆ ಯೂರಿಯಾ ಕಾಣಲ್ಲ, ಯಾಕಂದ್ರೆ ಯೂರಿಯಾ ನೀರಲ್ಲಿ ವಿದ್ಯುತ್ ಹರಿಸಲ್ಲ. 19:19:19ರ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಯೂರಿಯಾ ರೂಪದಲ್ಲೇ ಇರತ್ತೆ, ಹಾಗಾಗಿ ಬಕೆಟ್ಟಲ್ಲಿ ಕಲಸಿದ ಗೊಬ್ಬರದ ನೀರಿಗೆ ಮೀಟರ್ ಇಟ್ಟು "ಕಮ್ಮಿ ತೋರಿಸ್ತಿದೆ, ಇನ್ನೊಂದು ಚಿಟಿಕೆ ಹಾಕಣ" ಅಂತ ಹೋಗಬೇಡಿ. ತೂಕಾನೇ ನಂಬಿ.

ಗೊಬ್ಬರಾನೇ ಹಾಕದವರ ಕುಂಡದಲ್ಲೂ ಉಪ್ಪು ಸಿಗತ್ತೆ, ಅದು ತೆಂಗಿನ ಸಿಪ್ಪೆದು. ಸಿಪ್ಪೇಲಿ ಹುಟ್ಟಾ ಪೊಟ್ಯಾಶ್, ಸೋಡಿಯಂ ತುಂಬಿರತ್ತೆ, ಕರಾವಳಿ ಕಡೆ ಹಿನ್ನೀರಲ್ಲಿ ನೆನೆಸಿ ನಾರು ತೆಗೆದಿದ್ದಾದ್ರೆ ಇನ್ನೂ ಜಾಸ್ತಿ. ಗಟ್ಟದ ಕೆಳಗಿಂದ ತಂದ ಚೀಲ ಒಂದ್ಸಲ ಬಿಚ್ಚಿ ಹಂಡೇಲಿ ನೆನೆಹಾಕಿದ್ರೆ ಮಾರನೇ ದಿನಕ್ಕೆ ನೀರು ಕಾಫಿ ಡಿಕಾಕ್ಷನ್ ಥರ ಆಗಿತ್ತು, ಮೀಟರ್ ಸಾವಿರದ ಮುನ್ನೂರು ತೋರಿಸ್ತು. ಬರೀ ನೀರು ಬದಲಿಸಿದ್ರೆ ಅಂಟಿಕೊಂಡ ಸೋಡಿಯಂ ಪೂರ್ತಿ ಬಿಡಲ್ಲ. ಎರಡು ಸಲ ನೀರು ಬದಲಿಸಿ, ಮೂರನೇ ಸಲದ ನೀರಿಗೆ ಕ್ಯಾಲ್ಸಿಯಂ ನೈಟ್ರೇಟ್ ಹಾಕಿ ಒಂದಿನ ಬಿಟ್ರೆ ಕ್ಯಾಲ್ಸಿಯಂ ಹೋಗಿ ಸೋಡಿಯಂ ಜಾಗದಲ್ಲಿ ಕೂತ್ಕೊಂಡು ಅದನ್ನ ಹೊರಗೆ ತಳ್ಳತ್ತೆ, ಆಮೇಲೆ ತೊಳೆದು ಬಳಸಿ.

ಉಪ್ಪು ಕೂತ ಗಿಡಕ್ಕೆ ಔಷಧಿ ಅಂದ್ರೆ ಮಳೆ ನೀರೇ. ಕುಂಡದ ಗಾತ್ರದ ಎರಡು ಮೂರು ಪಟ್ಟು ನೀರು ನಿಧಾನಕ್ಕೆ ಹೊಯ್ದು, ಕಾಲು ಗಂಟೆ ಬಿಟ್ಟು, ಇನ್ನೊಮ್ಮೆ ಹೊಯ್ಯಿರಿ, ವಾರ ಬಿಟ್ಟು ಮತ್ತೆ. ಮೂರು ವಾರ ಯಾವ ಗೊಬ್ಬರಾನೂ ಬೇಡ.

ಕುಂಡದ ಮೇಲಿನ ಬಿಳಿ

ಇದೊಂದಕ್ಕೆ ಜನ ತುಂಬಾ ಗಾಬರಿ ಬೀಳ್ತಾರೆ, ಮತ್ತೆ ನಾಲ್ಕು ಬೇರೆ ಬೇರೆ ವಸ್ತುಗಳನ್ನ ಒಂದೇ ಅಂದ್ಕೊಳ್ತಾರೆ. ಮಣ್ಣಿನ ಕುಂಡದ ಹೊರಗೆ, ಅಂಚಲ್ಲಿ ಗಟ್ಟಿ ಪುಡಿ ಥರ ಇದ್ದು ಉಗುರಲ್ಲಿ ಕೆರೆದ್ರೆ ಕರಕರ ಅನ್ನತ್ತೆ, ಒಂದು ಹನಿ ನೀರು ಬಿಟ್ರೆ ಕರಗತ್ತೆ ಅಂದ್ರೆ ಗೊಬ್ಬರದ ಉಪ್ಪು. ನೀರಿಗೆ ಕರಗದೆ ವಿನೆಗರ್ ಬಿಟ್ಟಾಗ ನೊರೆ ಬಂದ್ರೆ ಅದು ಬೋರ್‌ವೆಲ್ ನೀರಿನ ಸುಣ್ಣ. ಇದ್ದಲು, ಸಿಪ್ಪೆ ಮಧ್ಯ ಜೇಡರ ಬಲೆ ಥರ ಎಳೆ ಎಳೆಯಾಗಿ ಹಬ್ಬಿದ್ರೆ ಶಿಲೀಂಧ್ರ, ಸಿಪ್ಪೆ ಕರಗಿಸಿ ತಿನ್ನೋ ಜಾತೀದು, ಬೇರಿಗೆ ನೇರ ಏನೂ ಮಾಡಲ್ಲ, ಆದ್ರೆ ಸಿಪ್ಪೆ ಹಳೇದಾಗಿ ನೀರು ಹಿಡೀತಿದೆ, ಕುಂಡ ಬದಲಿಸೋ ಟೈಮ್ ಬಂತು ಅಂತ ತಿಳ್ಕೊಳ್ಳಿ. ಎಲೆ ಸಂದೀಲಿ ಹತ್ತಿ ಉಂಡೆ ಥರ ಇದ್ದು ಕಡ್ಡೀಲಿ ಮುಟ್ಟಿದ್ರೆ ಅಂಟಂಟಾಗಿ ಮೆತ್ತಿಕೊಂಡ್ರೆ ಹಿಟ್ಟು ತಿಗಣೆ, ಅದಕ್ಕೂ ಗೊಬ್ಬರಕ್ಕೂ ಸಂಬಂಧ ಇಲ್ಲ.

ಕೊಳೆತಿದ್ರೆ

ನಮ್ಮನೇಲಿ ಆಗಿದ್ದು ಇದು. ಒಂದು ವರ್ಷ ಪುನರ್ವಸು ಮಳೇಲಿ, ತೋಟಕ್ಕೆ ಅಂತ ಅಪ್ಪಯ್ಯ ಡ್ರಮ್ಮಲ್ಲಿ ಮಾಡಿಟ್ಟಿದ್ದ ಜೀವಾಮೃತಾನ ಸೋಸದೇ ಇಪ್ಪತ್ತು ಡೆಂಡ್ರೋಬಿಯಂ ಕುಂಡಕ್ಕೆ ಒಂದೊಂದು ಲೋಟ ಹೊಯ್ದೆ. ಹತ್ತು ದಿನಕ್ಕೆ ಜಗಲೀಲಿ ಚರಂಡಿ ವಾಸನೆ, ಕುಂಡ ತಟ್ಟಿದ್ರೆ ಸಣ್ಣ ಕಪ್ಪು ನುಸಿಗಳು ಏಳ್ತಿದ್ವು, ಚಿಪ್ಪಿಲ್ಲದ ಬಸವನಹುಳ ಅಂಚಲ್ಲೆಲ್ಲ. ಹನ್ನೊಂದು ಗಿಡ ಹೋಯ್ತು. ಜೀವಾಮೃತದ ತಪ್ಪಲ್ಲ ಅದು, ಅದೇ ಡ್ರಮ್ಮಿಂದು ತೋಟದಲ್ಲಿ ಚೆನ್ನಾಗೇ ಕೆಲಸ ಮಾಡ್ತು. 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು ಹಾಕಿ ಮಾಡೋದೇ ಸೂಕ್ಷ್ಮಜೀವಿಗಳನ್ನ ಹೆಚ್ಚಿಸೋಕೆ. ತೋಟದ ಮಣ್ಣಲ್ಲಿ ಅವಕ್ಕೆ ಜಾಗ ಇದೆ, ಎರೆಹುಳ ಇದೆ, ಗಾಳಿ ಇದೆ. ಆರು ಇಂಚಿನ ಕುಂಡದಲ್ಲಿ, ಹೊರಗೆ ವಾರಗಟ್ಟಲೆ ಜಡಿಮಳೆ ಹಿಡಿದು ಒಂದಿನಾನೂ ಆರದೇ ಇರೋವಾಗ, ಬೆಲ್ಲ ಹಿಟ್ಟು ತಿಂದು ಬೆಳೆದ ಅಷ್ಟೂ ಜೀವಿಗಳು ಅಲ್ಲಿದ್ದ ಆಮ್ಲಜನಕ ಮುಗಿಸಿಬಿಡ್ತವೆ. ಆರ್ಕಿಡ್ ಬೇರು ಮರದ ಮೇಲೆ ಗಾಳಿಗೆ ಒಡ್ಡಿಕೊಂಡು ಬದುಕೋದು, ಅದಕ್ಕೆ ಉಸಿರು ಕಟ್ಟಿದ್ರೆ ಮೊದಲು ಸಾಯೋದೇ ಬೇರು.

ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದಿದೆ. ಬರೀ ಇದ್ದಲು, ಹೆಂಚಿನ ಚೂರು ಹಾಕಿ ಅಡಿಕೆ ದಬ್ಬೆ ಬುಟ್ಟೀಲಿ ನೇತುಹಾಕಿದ ವಾಂಡಾಕ್ಕೆ ಹಿಂಡಿ ನೀರು ಹಾಕಿದ್ರೆ ಏನೂ ಆಗಲ್ಲ, ಒಳ್ಳೇದೂ ಆಗಲ್ಲ. ಬೇರು ಬಹುಪಾಲು ಕುಡಿಯೋದು ನೈಟ್ರೇಟ್, ಅಮೋನಿಯಂ, ಪೊಟ್ಯಾಶಿಯಂ ಇಂಥವನ್ನ, ಅದು ಸಗಣಿಯಿಂದ ಬಂತೋ ಚೀಲದಿಂದ ಬಂತೋ ಬೇರಿಗೆ ಬೇಧ ಇಲ್ಲ. ಆದ್ರೆ ಸಗಣಿ, ಹಿಂಡಿಯಲ್ಲಿರೋ ಸಾರಜನಕ ಆ ರೂಪಕ್ಕೆ ಬರಬೇಕಾದ್ರೆ ಸೂಕ್ಷ್ಮಜೀವಿಗಳು ಕೂತು ಒಡೀಬೇಕು, ಇದ್ದಲ ಚೂರಿನ ಮೇಲೆ ಅವು ನೆಲೆ ನಿಲ್ಲೋ ಮುಂಚೆ ನೀರು ಕೆಳಗೆ ಸೋರಿ ಹೋಗಿರತ್ತೆ. ಯೂರಿಯಾ ಜಾಸ್ತಿ ಇರೋ ಗೊಬ್ಬರಕ್ಕೂ ಸ್ವಲ್ಪ ಮಟ್ಟಿಗೆ ಇದೇ ತೊಂದರೆ.

ನಾನೀಗ ಮಾಡೋದು ಹೀಗೆ. ಜೂನಿಂದ ಸೆಪ್ಟೆಂಬರ್ ತನಕ ಕುಂಡಕ್ಕೆ ಸಾವಯವ ದ್ರವ ಒಂದು ಹನಿ ಹಾಕಲ್ಲ, ಮಳೆ ಬಿಟ್ಟ ದಿನ ನೋಡ್ಕೊಂಡು ಲೀಟರಿಗೆ ಅರ್ಧ ಗ್ರಾಂ ರಾಸಾಯನಿಕ ಮಾತ್ರ. ದೀಪಾವಳಿ ಆದ್ಮೇಲೆ ಬಿಸಿಲು ಬಿದ್ದು ಕುಂಡ ಒಂದೇ ದಿನಕ್ಕೆ ಆರೋಕೆ ಶುರುವಾದಾಗ, ಎರೆಜಲವನ್ನ ಹಳೇ ಪಂಚೇಲಿ ಎರಡು ಸಲ ಸೋಸಿ ಒಂದಕ್ಕೆ ಇಪ್ಪತ್ತು ನೀರು ಬೆರೆಸಿ ಹದಿನೈದು ದಿನಕ್ಕೊಮ್ಮೆ, ಮರಕ್ಕೆ ಕಟ್ಟಿದ ಗಿಡಗಳಿಗೆ ಧಾರಾಳವಾಗಿ, ಕುಂಡಕ್ಕೆ ಸ್ವಲ್ಪ. ಗಂಜಲ ಹಾಕೋರು ಅದರಲ್ಲೂ ಯೂರಿಯಾ, ಉಪ್ಪು ದಂಡಿಯಾಗಿರತ್ತೆ ಅನ್ನೋದು ಮರೀಬೇಡಿ, ಸಾವಯವ ಅಂದ ಮಾತ್ರಕ್ಕೆ ಬೇರು ಸುಡಲ್ಲ ಅಂತಿಲ್ಲ. ಒಲೆ ಬೂದಿ ಅಂತೂ ಬೇಡವೇ ಬೇಡ, ಅದು ಕ್ಷಾರ, ಆರ್ಕಿಡ್‌ಗೆ ಸ್ವಲ್ಪ ಹುಳಿ ಕಡೆಗಿರೋ ನೀರೇ ಒಗ್ಗೋದು.

ಕೊಳೆತ ಗಿಡ ಉಳಿಸೋಕೆ ಬ್ಲೇಡು ಬೆಂಕೀಲಿ ಹಿಡಿದು ಆರಿಸಿ, ಮೆತ್ತಗಿನ ಬೇರೆಲ್ಲ ಬಿಳಿ ಗಟ್ಟಿ ಭಾಗ ಸಿಗೋ ತನಕ ಕತ್ತರಿಸಿ, ಕಾಂಡ ಕತ್ತರಿಸಿದ ಜಾಗಕ್ಕೆ ದಾಲ್ಚಿನ್ನಿ ಪುಡಿ ಒತ್ತಿ. ಬದುಕಿರೋ ಬೇರಿಗೆ ಮಾತ್ರ ಆ ಪುಡಿ ತಾಗಿಸಬೇಡಿ, ಒಣಗಿಸಿಬಿಡತ್ತೆ. ಎರಡು ದಿನ ನೆರಳಲ್ಲಿ ನೇತುಹಾಕಿ ಹೊಸ ಇದ್ದಲಿಗೆ ಕೂರಿಸಿ.

ಬೇರಿನ ಕೊಳೆ ಬೇರೆ, ಬುಡದಿಂದ ಎಲೆಗೆ ಕಪ್ಪು ಏರ್ತಾ ಹೋಗೋ ರೋಗ ಬೇರೆ. ಬೆಳಿಗ್ಗೆ ಒಂದು ಇಂಚಿದ್ದ ಕಪ್ಪು ಮಾರನೇ ದಿನಕ್ಕೆ ಅರ್ಧ ಎಲೆ ಆಗಿದ್ರೆ ಪಿಥಿಯಂ ಇಲ್ಲವೇ ಫೈಟಾಫ್ತೊರಾ ಅನ್ನೋ ರೋಗಾಣು, ಅಡಿಕೆ ಕೊಳೆರೋಗ ತರೋದೂ ಇದೇ ಫೈಟಾಫ್ತೊರಾ ಕುಲದ್ದೇ. ಇವು ನಿಜವಾದ ಶಿಲೀಂಧ್ರದ ಗುಂಪಿಗೆ ಸೇರಿದ್ದಲ್ಲ, ಹಾಗಾಗಿ ಕಾರ್ಬೆಂಡಾಜಿಂ ಅನ್ನೋ ಶಿಲೀಂಧ್ರನಾಶಕ ಹೊಡೆದ್ರೆ ಬಗ್ಗಲ್ಲ, ಮೆಟಲಾಕ್ಸಿಲ್ ಬೇಕು. ಕಪ್ಪಿನ ಬದಲು ಎಲೆ ನೀರು ತುಂಬಿದ ಗುಳ್ಳೆ ಥರ ಆಗಿ ಕೆಟ್ಟ ವಾಸನೆ ಬಂದ್ರೆ ಬ್ಯಾಕ್ಟೀರಿಯಾ, ಅದಕ್ಕೆ ಈ ಎರಡೂ ನಾಟಲ್ಲ, ಎಲೆ ಕತ್ತರಿಸಿ ಎಸೆದು ಗಿಡಾನ ಮಳೆಯಿಂದ ಒಳಗೆ ತರೋದೇ ಮುಖ್ಯ.

ಬೋರ್ಡೋ ತಾಗಿದ್ದು

ಇದು ಅಡಿಕೆ ಊರಲ್ಲಿ ಹೆಚ್ಚಾಗಿ ಬರೋ ದೋಷ, ಹೊರಗಿನವರು ಬರೆದ ಸಲಹೆಗಳಲ್ಲಿ ಅಷ್ಟಾಗಿ ಸಿಗಲ್ಲ. ಕೊಳೆರೋಗಕ್ಕೆ ಅಂತ ಮಳೆ ಹಿಡಿಯೋ ಹೊತ್ತಿಗೊಮ್ಮೆ, ಸುಮಾರು ನಲವತ್ತು ದಿನ ಬಿಟ್ಟು ಮತ್ತೊಮ್ಮೆ ಅಡಿಕೆ ಗೊನೆಗೆ ಬೋರ್ಡೋ ಹೊಡೀತೀವಲ್ಲ, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ ಒಂದು ಕೆಜಿ ಸುಣ್ಣ, ಅದು ಮೇಲಿಂದ ಸೋರಿ ಅಡಿಕೆ ಮರಕ್ಕೆ ಕಟ್ಟಿದ ಆರ್ಕಿಡ್ ಮೇಲೆ ಬೀಳತ್ತೆ. ತಾಮ್ರ ಆರ್ಕಿಡ್‌ಗೆ ಆಗಿಬರಲ್ಲ, ಡೆಂಡ್ರೋಬಿಯಂಗೆ ಅಂತೂ ಸುತಾರಾಂ ಆಗಲ್ಲ. ಎಲೆ ಮೇಲೆ ನೀಲಿ ಛಾಯೆಯ ಹನಿ ಗುರುತು, ಆ ಹನಿಯ ಕೆಳಗೇ ಕಂದು ಚುಕ್ಕೆ, ಮೇಲ್ಮುಖದಲ್ಲಿ ಮಾತ್ರ, ಹಸಿರಿದ್ದ ಬೇರ ತುದಿ ನಿಂತು ಹೋಗಿರತ್ತೆ. ಇದಕ್ಕೆ ಗೊಬ್ಬರ ಹುಡುಕಿ ಪ್ರಯೋಜನ ಇಲ್ಲ. ಔಷಧಿ ಹೊಡೆಯೋ ದಿನ ಗಿಡಕ್ಕೆ ಅಡಿಕೆ ಹಾಳೆ ಕವುಚಿ ಕಟ್ಟಿ, ತಾಗಿದ್ರೆ ಒಣಗೋ ಮುಂಚೆ ನೀರು ಹೊಡೆದು ತೊಳೀರಿ.

ಶಿಲೀಂಧ್ರದ ಪ್ಯಾಕೆಟ್ಟುಗಳ ವಿಷಯ

ನಮ್ಮ ಹಿತ್ತಲ ಹಲಸಿನ ಮರದ ಮೇಲೆ ಸೀತಾಳೆ ದಂಡೆ ಅನ್ನೋ ಕಾಡು ಆರ್ಕಿಡ್ ಇದೆ, ಯಾರೂ ಗೊಬ್ಬರ ಹಾಕಿಲ್ಲ, ಮಳೆ ಹಿಡಿಯೋ ಮುಂಚೆ ಗುಲಾಬಿ ಬಿಳಿ ಜಡೆ ಬಿಟ್ಟು ನಿಲ್ಲತ್ತೆ. ಅದರ ಕೆಳಗಿನ ತೊಗಟೆ ಬಿರುಕಲ್ಲಿ, ಪಾಚಿ ಒಳಗೆ, ಸಾಸಿವೆಗಿಂತ ಸ್ವಲ್ಪ ದೊಡ್ಡ ಹಸಿರು ಗುಂಡುಗಳು ಕಂಡ್ವು ಒಂದ್ಸಲ, ಭೂತಗನ್ನಡಿ ಹಿಡಿದು ನೋಡಿದ್ರೆ ಒಂದೊಂದಕ್ಕೂ ಕೂದಲಿನಂಥ ಎಳೆ, ಆರ್ಕಿಡ್ ಬೀಜ ಆಗಷ್ಟೇ ಮೊಳೆತಿದ್ದು ಅದು. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣ, ಒಂದು ಕಾಯಲ್ಲಿ ಸಾವಿರಾರು, ಕೆಲವದರಲ್ಲಿ ಲಕ್ಷಗಟ್ಟಲೆ, ಆದ್ರೆ ತೆಂಗಿನಕಾಯಿ ಒಳಗೆ ಕೊಬ್ಬರಿ ಇರೋ ಥರ ಮೊಳಕೆಗೆ ಬುತ್ತಿ ಅದರಲ್ಲಿ ಇಲ್ಲ. ಒಂದು ಬಗೆಯ ಶಿಲೀಂಧ್ರ ಒಳಗೆ ಹೊಕ್ಕು ಸುರುಳಿ ಸುತ್ತಿಕೊಂಡು ಊಟ ಕೊಟ್ರೆ ಮಾತ್ರ ಕಾಡಲ್ಲಿ ಅದು ಮೊಳೆಯೋದು. ಫ್ರಾನ್ಸಿನ ನೋಯೆಲ್ ಬರ್ನಾರ್ಡ್ ಇದನ್ನ ಕಂಡುಕೊಂಡಿದ್ದು 1899ರಲ್ಲಿ. ಆಮೇಲೆ 1922ರಲ್ಲಿ ಅಮೆರಿಕದ ಲೂಯಿಸ್ ನುಡ್ಸನ್, ಶಿಲೀಂಧ್ರದ ಬದಲು ಸಕ್ಕರೆ ಹಾಕಿದ ಅಗರ್ ಮೇಲೂ ಬೀಜ ಮೊಳೆಸಬಹುದು ಅಂತ ತೋರಿಸಿದ್ರು. ಈಗ ನರ್ಸರೀಲಿ ಸಿಗೋ ಹೈಬ್ರಿಡ್‌ಗಳೆಲ್ಲ ಬಾಟಲಿಯೊಳಗೆ ಬೆಳೆದವು, ಶಿಲೀಂಧ್ರ ಮುಟ್ಟದೇ ದೊಡ್ಡದಾದವು, ಹಸಿರೆಲೆ ಬಂದ ಮೇಲೆ ತಮ್ಮ ಊಟ ತಾವೇ ಮಾಡ್ಕೊಳ್ತವೆ. ಹಾಗಾಗಿ ಮನೆ ಕುಂಡದ ಗಿಡ ಸೊರಗಿದ್ರೆ "ಶಿಲೀಂಧ್ರ ಇಲ್ಲದ್ದಕ್ಕೆ" ಅನ್ನೋ ಕಾರಣ ಹೆಚ್ಚುಕಮ್ಮಿ ಯಾವತ್ತೂ ಸರಿಯಿರಲ್ಲ.

ಮತ್ತೆ ಅಂಗಡೀಲಿ ಸಿಗೋ ವ್ಯಾಮ್ ಪುಡಿ, ಅದು ಬೇರಿನ ಜೊತೆ ಬಾಳೋ ಗ್ಲೋಮಸ್ ಅನ್ನೋ ಶಿಲೀಂಧ್ರದ ಜಾತಿ, ಅಡಿಕೆ, ಕಾಳುಮೆಣಸು, ಕಾಫಿಗೆಲ್ಲ ಒಳ್ಳೇದು. ಆರ್ಕಿಡ್ ಜೊತೆ ಬಾಳೋ ಶಿಲೀಂಧ್ರಗಳು ಬೇರೆಯವು, ಟುಲಾಸ್ನೆಲ್ಲಾ, ಸೆರಟೊಬೆಸಿಡಿಯಂ ಅಂಥವು, ವ್ಯಾಮ್ ಪ್ಯಾಕೆಟ್ಟಲ್ಲಿ ಅವು ಇರಲ್ಲ. ದುಡ್ಡು ದಂಡ ಅಷ್ಟೇ, ಅದನ್ನ ಮೆಣಸಿನ ಬಳ್ಳಿ ಬುಡಕ್ಕೆ ಹಾಕಿ.

ಟ್ರೈಕೋಡರ್ಮಾ ಅನ್ನೋ ಶಿಲೀಂಧ್ರ ಬೇರೆ ಥರದ್ದು, ಅದು ಬೇರಿನ ಗೆಳೆಯ ಅನ್ನೋದಕ್ಕಿಂತ ಕಾವಲುಗಾರ, ಪಿಥಿಯಂ, ಫ್ಯುಸೇರಿಯಂ ಥರದ ಕೊಳೆಸೋ ರೋಗಾಣುಗಳ ಜೊತೆ ಜಾಗಕ್ಕೆ ಪೈಪೋಟಿ ಮಾಡಿ ಅವನ್ನ ತಿನ್ನತ್ತೆ. ಮಳೆ ಶುರುವಾಗೋ ಹದಿನೈದು ದಿನ ಮುಂಚೆ ಹಾಕಿದ್ರೆ ಉಪಯೋಗ, ಕೊಳೆತ ಮೇಲೆ ಹಾಕಿದ್ರೆ ಇಲ್ಲ. ಬರೀ ಇದ್ದಲಲ್ಲಿ ನಿಲ್ಲಲ್ಲ. ಸಿಪ್ಪೆ ಇರೋ ಕುಂಡದಲ್ಲಿ ನಿಲ್ಲತ್ತೆ, ಆದ್ರೆ ಸಿಪ್ಪೇನೂ ಬೇಗ ಕರಗಿಸತ್ತೆ, ಅದಕ್ಕೆ ನಾನು ಆ ಕುಂಡಗಳನ್ನ ಎರಡು ವರ್ಷದ ಬದಲು ಒಂದೇ ವರ್ಷಕ್ಕೆ ಬದಲಿಸ್ತೀನಿ. ಹಾಕಿ ಒಂದು ವಾರಕ್ಕೆ ಮೇಲೆ ಹಸಿರು ಪುಡಿ ಉದುರಿಸಿದ ಹಂಗೆ ಕಂಡ್ರೆ ಗಾಬರಿ ಬೇಡ, ಅದೇ ಅದು. ಅದರ ಹಿಂದೆ ಮುಂದೆ ಕಾರ್ಬೆಂಡಾಜಿಂ ಹೊಡೆದ್ರೆ ಹಾಕಿದ್ದು ದಂಡ.

ಮರದ ಮೇಲಿರೋ ನಾಟಿ ಗಿಡಗಳಿಗೆ ಮಾತ್ರ ಶಿಲೀಂಧ್ರ ಕಾಪಾಡೋದು ಮುಖ್ಯ. ಅಲ್ಲಿ ಪಾಚಿ ಕೆರೀಬೇಡಿ, ರಂಜಕ ಜಾಸ್ತಿ ಇರೋ ಗೊಬ್ಬರ, ಶಿಲೀಂಧ್ರನಾಶಕ ಹೊಡೀಬೇಡಿ, ಎಲೆ ಕಸ ಹಕ್ಕಿ ಹಿಕ್ಕೆ ಮಳೆ ನೀರು ಅದಕ್ಕೆ ಸಾಕು. ಕಾಡಿಂದ ಕಿತ್ತು ತರೋದಂತೂ ಬೇಡ, ಆ ಬೇರಿನ ಜೊತೆಗಾರ ಶಿಲೀಂಧ್ರ ಬಹುಪಾಲು ಆ ತೊಗಟೇಲೇ ಉಳಿದು ಹೋಗಿರತ್ತೆ.

ಹಸಿವಾದ್ರೆ

ಇದು ಸುಲಭ. ವಾರಕ್ಕೊಮ್ಮೆ ಲೀಟರಿಗೆ ಅರ್ಧ ಗ್ರಾಂ, ಮೂರು ವಾರ ಗೊಬ್ಬರ, ನಾಲ್ಕನೇ ವಾರ ಬರೀ ನೀರು. ಮಳೆ ನೀರೇ ಹಾಕೋರು ಒಂದು ಗಮನಿಸಿ, ಅದರಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನಬಹುದು, 19:19:19ರಲ್ಲೂ ಇಲ್ಲ. ಎಳೇ ಚಿಗುರಿನ ತುದಿ ಮಾತ್ರ ಕಪ್ಪಾಗಿ ಹಳೇ ಎಲೆ ಎಲ್ಲ ಚೆನ್ನಾಗಿದ್ರೆ ಅದೇ ಕೊರತೆ, ಇದನ್ನ ಕೊಳೆ ಅಂದ್ಕೊಂಡು ಔಷಧಿ ಹೊಡೆಯೋರು ಬಹಳ ಜನ. ಒಂದು ವಾರ 19:19:19, ಮುಂದಿನ ವಾರ ಕ್ಯಾಲ್ಸಿಯಂ ನೈಟ್ರೇಟ್ ಅರ್ಧ ಗ್ರಾಂ, ಹೀಗೆ ಬದಲಿಸಿ. ಎರಡನ್ನೂ ಒಂದೇ ಬಕೆಟ್ಟಲ್ಲಿ ಕಲಸಬೇಡಿ, ಹಾಲು ಒಡೆದ ಹಂಗೆ ಬಿಳಿ ಕೂತು ಎರಡೂ ಗಿಡಕ್ಕೆ ಸಿಗಲ್ಲ. ಎಲೆ ಕಡು ಹಸಿರಾಗಿ ಜೋತು ಬಿದ್ದು ಹೂ ಮಾತ್ರ ಬರ್ತಿಲ್ಲ ಅಂದ್ರೆ ಹಸಿವಲ್ಲ, ಬೆಳಕು ಸಾಲದು, ಅಡಿಕೆ ನೆರಳಿಂದ ಅಂಗಳದ ಅಂಚಿಗೆ ತನ್ನಿ.

ಯಾವ ದೋಷಕ್ಕೆ ಏನೇ ಮಾಡಿದ್ರೂ ಗುಣ ಆಗ್ತಿದ್ಯಾ ಅಂತ ಎಲೇಲಿ ಹುಡುಕಬೇಡಿ, ಹಳದಿ ಆದ ಎಲೆ ಮತ್ತೆ ಹಸಿರಾಗಲ್ಲ. ಒಂದು ಬೇರಿನ ತುದಿ ಆರಿಸ್ಕೊಂಡು ಅದು ಎಲ್ಲಿಗೆ ಮುಗಿಯತ್ತೋ ಅಲ್ಲಿ ಕುಂಡದ ಮೇಲೆ ಮಾರ್ಕರ್ ಪೆನ್ನಲ್ಲಿ ಗೆರೆ ಎಳೀರಿ. ಅತ್ತಿಗೆ ಕುಂಡಗಳಿಗೆ ಹಂಗೇ ಎಳೆದು ಬಂದಿದ್ದೆ, ನಾಲ್ಕನೇ ವಾರಕ್ಕೆ ಕರೆದು ತೋರಿಸಿದ್ರು, ಮೂರು ಕುಂಡದಲ್ಲಿ ಗೆರೆ ದಾಟಿ ಅಕ್ಕಿ ಕಾಳಿನಷ್ಟು ಹೊಸ ಹಸಿರು ತುದಿ ಬಂದಿತ್ತು, ಆ ಮೂರಕ್ಕೆ ಮಾತ್ರ ಅವತ್ತು ಅರ್ಧ ಗ್ರಾಂ ಲೆಕ್ಕದಲ್ಲಿ ಗೊಬ್ಬರ ಶುರು ಮಾಡಿದ್ವಿ, ಉಳಿದಿದ್ದಕ್ಕೆ ಇನ್ನೂ ಮಳೆ ನೀರೇ.